ಮುಚ್ಚಿದ ಸೇತುವೆಗೆ ಊರಿನ ದುಡ್ಡು ಹಾಕಬೇಕಾ, ಬೇಡವಾ?

ವರ್ಮಾಂಟ್_ವಾಸಿ

ಎಲ್ಲರಿಗೂ ನಮಸ್ಕಾರ. ಉದ್ದದ ಪೋಸ್ಟ್, ಪುರುಸೊತ್ತಿದ್ದರೆ ಓದಿ.

ಅಮೆರಿಕದ ವರ್ಮಾಂಟ್ ರಾಜ್ಯದ ಒಂದು ಸಣ್ಣ ಊರಲ್ಲಿ ನಾವಿದ್ದೇವೆ. ಹೋದ ವರ್ಷ ಪೌರತ್ವ ಸಿಕ್ಕಿತು. ಹಾಗಾಗಿ ಈ ಸಲ ಊರ ಸಭೆಯಲ್ಲಿ ನನಗೂ ಮತ ಇದೆ. ಇಲ್ಲಿ ಮಾರ್ಚ್ ತಿಂಗಳ ಮೊದಲ ಮಂಗಳವಾರ ಊರ ಸಭೆಯ ದಿನ. ಶಾಲೆಯ ಹಾಲ್‌ನಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ರಸ್ತೆಗೆ ಇಷ್ಟು, ಹಿಮ ತೆಗೆಯಲು ಇಷ್ಟು, ಲೈಬ್ರರಿಗೆ ಇಷ್ಟು ಎಂದು ಒಂದೊಂದೇ ಬಾಬ್ತು ಓದುತ್ತಾರೆ. ಒಪ್ಪುವವರು ಜೋರಾಗಿ "ಹೌದು" ಅನ್ನಬೇಕು. ನಮ್ಮ ಗ್ರಾಮಸಭೆ ಥರವೇ, ಆದರೆ ಜನ ಬರುತ್ತಾರೆ.

ಈ ಸಲದ ಪಟ್ಟಿಯಲ್ಲಿ ನಮ್ಮ ಹೊಳೆಯ ಮೇಲಿನ ಹಳೇ ಮರದ ಸೇತುವೆ ಇದೆ. ಮೇಲೆ ಸೂರು, ಎರಡು ಕಡೆ ಹಲಗೆಯ ಗೋಡೆ. ಇಲ್ಲಿ ಇದಕ್ಕೆ ಕವರ್ಡ್ ಬ್ರಿಜ್, ಅಂದರೆ ಮುಚ್ಚಿದ ಸೇತುವೆ ಅನ್ನುತ್ತಾರೆ. ದೂರದಿಂದ ನೋಡಿದರೆ ಯಾರೋ ಕೊಟ್ಟಿಗೆಯನ್ನು ಎತ್ತಿ ಹೊಳೆಗೆ ಅಡ್ಡ ಇಟ್ಟ ಹಾಗೆ. ಒಂದು ಸಲಕ್ಕೆ ಒಂದೇ ಕಾರು. ಈಗ ಒಂದು ತುದಿ ಸ್ವಲ್ಪ ಕುಸಿದಿದೆ. ಭಾರದ ಮಿತಿ ಇಳಿಸಿದ್ದಾರೆ. ಶಾಲೆಯ ಬಸ್ಸು ಸುತ್ತು ಹಾಕಿ ಹೋಗುತ್ತದೆ. ರಿಪೇರಿಗೆ ಸರ್ಕಾರ ಒಂದು ಪಾಲು ಕೊಡುತ್ತದೆ. ಉಳಿದದ್ದು ನಮ್ಮ ಮನೆ ಕಂದಾಯಕ್ಕೆ ಬೀಳುತ್ತದೆ.

ಪಕ್ಕದ ಮನೆಯವರು "ಕಾಂಕ್ರೀಟ್ ಸುರಿದು ಮುಗಿಸಿ" ಅನ್ನುತ್ತಾರೆ. ಎದುರು ಮನೆಯ ಅಜ್ಜಿ ಹಾಗೆ ಅಂದವರ ಜೊತೆ ಮಾತು ಬಿಟ್ಟಿದ್ದಾರೆ. ಇಬ್ಬರೂ ನಮ್ಮನ್ನು ಊಟಕ್ಕೆ ಕರೆಯುತ್ತಾರೆ, ಅದೇ ಕಷ್ಟ.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಹುಬ್ಬಳ್ಳಿ_ಕಾಕಾ

"ಮುಚ್ಚಿದ ಸೇತುವೆ" ಅಂದರೆ ಬಂದ್ ಆಗಿರುವ ಸೇತುವೆ ಅಂದುಕೊಂಡೆ. ಬಂದ್ ಆದದ್ದಕ್ಕೆ ದುಡ್ಡು ಯಾಕ್ರೀ ಅಂತ ಬೈಯಲು ಬಂದಿದ್ದೆ. ಓದಿದ ಮೇಲೆ ಸಮಾಧಾನ ಆಯಿತು.

ಸುಳ್ಯದ_ಸಂಕ

ನಮ್ಮ ಕಡೆ ಮನೆಯ ಸೂರಿಗೆ ಮಾಡು, ಸೇತುವೆಗೆ ಸಂಕ ಅನ್ನುತ್ತೇವೆ. "ಮಾಡಿನ ಸಂಕ" ಅಂತ ಹೆಸರಿಡಿ ಮಾರಾಯ್ರೆ, ಗೊಂದಲ ಇರುವುದಿಲ್ಲ. ಅಲ್ಲ, ಸೇತುವೆಗೆ ಮಾಡು ಯಾಕೆ? ದಾಟುವವರು ಮಳೆಗೆ ನೆನೆಯಬಾರದು ಅಂತಲಾ?

ಬಾಸ್ಟನ್_ಬಿಸಿಬೇಳೆ

ಹಿಮ ಬೀಳಬಾರದು ಅಂತ ಇರಬೇಕು. ಅಲ್ಲಿ ಎಷ್ಟು ಹಿಮ ಬೀಳುತ್ತದೆ ಗೊತ್ತಾ!

ವರ್ಮಾಂಟ್_ವಾಸಿ

ಅದು ಉಲ್ಟಾ ಮೇಡಂ. ಹಿಂದೆ ಚಳಿಗಾಲದಲ್ಲಿ ಚಕ್ರದ ಗಾಡಿ ಬಿಟ್ಟು, ಜಾರುಗಾಡಿಗೆ ಕುದುರೆ ಕಟ್ಟುತ್ತಿದ್ದರು. ಅದು ಒಣ ಹಲಗೆ ಮೇಲೆ ಜಾರುವುದಿಲ್ಲ. ಆದ್ದರಿಂದ ಊರಿನವರು ಕೂಲಿ ಕೊಟ್ಟು, ಸೇತುವೆಯ ಒಳಗೆ ಸಲಿಕೆಯಲ್ಲಿ ಹಿಮ ಹರಡಿಸುತ್ತಿದ್ದರು. ಹಳೇ ಲೆಕ್ಕದ ಪುಸ್ತಕಗಳಲ್ಲಿ "ಸೇತುವೆಗೆ ಹಿಮ ಹಾಕಿದ್ದಕ್ಕೆ" ಅಂತಲೇ ಒಂದು ಖರ್ಚು ಇರುತ್ತದೆ. ಮೇಲೆ ಮಾಡು ಕಟ್ಟಿ ಒಳಗೆ ದುಡ್ಡು ಕೊಟ್ಟು ಹಿಮ ತುಂಬುವುದು! ಮೊದಲ ಸಲ ಕೇಳಿದಾಗ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡಿದ್ದೆ.

ಹುಬ್ಬಳ್ಳಿ_ಕಾಕಾ

ನಾನು ನಿವೃತ್ತ ಸೇತುವೆ ಇಂಜಿನಿಯರ್. ಕಾಂಕ್ರೀಟ್‌ನಲ್ಲೇ ಜೀವನ ಹೋಯಿತು. ಆದರೂ ಇದು ಹೇಳಲೇಬೇಕು.

ಆ ಮಾಡು ಇರುವುದು ಮರದ ಸಲುವಾಗಿ. ಜನರಿಗೆ ನೆರಳು ಸಿಕ್ಕಿದ್ದು ಮೇಲಿನ ಲಾಭ. ಇಂಥ ಸೇತುವೆಯಲ್ಲಿ ಭಾರ ಹೊರುವುದು ನೀವು ನಡೆಯುವ ಹಲಗೆ ಅಲ್ಲ, ಎರಡು ಪಕ್ಕದಲ್ಲಿ ನಿಂತ ಮರದ ಚೌಕಟ್ಟು. ಅದರಲ್ಲಿ ನೂರಾರು ಕೂಡು, ಅಂದರೆ ಮರಕ್ಕೆ ಮರ ಸೇರುವ ಜಾಗ. ಪ್ರತಿ ಕೂಡಿನಲ್ಲೂ ನೀರು ನಿಲ್ಲುತ್ತದೆ. ನೀರು ನಿಂತ ಕಡೆ ಮರ ಕುಂಬಾಗುತ್ತದೆ. ಬಯಲಲ್ಲಿ ಬಿಟ್ಟರೆ ಹತ್ತು ಹದಿನೈದು ವರ್ಷಕ್ಕೆ ಮುಗಿಯಿತು. ಮೇಲೊಂದು ಮಾಡು, ಪಕ್ಕಕ್ಕೆ ತೆಳು ಹಲಗೆ ಹೊದಿಸಿದರೆ ಅದೇ ಮರ ನೂರು ವರ್ಷ ದಾಟುತ್ತದೆ. ಮಾಡು ಕೆಟ್ಟರೆ ಅದನ್ನು ಮಾತ್ರ ಬದಲಿಸಿದರಾಯಿತು. ಅಗ್ಗದ ಮರ ಸತ್ತು ದುಬಾರಿ ಮರ ಬದುಕುತ್ತದೆ.

ಅಮೆರಿಕದಲ್ಲಿ ಇದು ಶುರುವಾದದ್ದು ಫಿಲಡೆಲ್ಫಿಯಾದಲ್ಲಿ, 1805ರಲ್ಲಿ. ಸ್ಕೂಲ್‌ಕಿಲ್ ನದಿಗೆ ತಿಮೊಥಿ ಪಾಮರ್ ಮರದ ಸೇತುವೆ ಕಟ್ಟಿದ. ಅದಕ್ಕೆ ಸೂರು ಹಾಕಿಸಿ ಎಂದು ಪಟ್ಟು ಹಿಡಿದವರು ರಿಚರ್ಡ್ ಪೀಟರ್ಸ್ ಎಂಬ ನ್ಯಾಯಾಧೀಶರು. ಇಂಜಿನಿಯರ್ ಮರೆತದ್ದನ್ನು ಜಡ್ಜ್ ಹೇಳಿಕೊಟ್ಟರು ಅಂತ ನಮ್ಮ ಆಫೀಸಿನಲ್ಲಿ ಚಹಾ ಹೊತ್ತಿಗೆ ನಗುತ್ತಿದ್ದೆವು.

ವಾಸಿಯವರೇ, ನಿಮ್ಮ ಸೇತುವೆಯ ಗೋಡೆ ಒಳಗಿನಿಂದ ಜಾಲರಿ ಥರ ಇದೆಯೇ?

ವರ್ಮಾಂಟ್_ವಾಸಿ

ಹೌದು ಕಾಕಾ. ಓರೆ ಹಲಗೆಗಳು, ಒಂದರ ಮೇಲೊಂದು ಗುಣಾಕಾರದ ಚಿಹ್ನೆ ಥರ. ಮಧ್ಯೆ ಮರದ ಗೂಟಗಳು.

ಹುಬ್ಬಳ್ಳಿ_ಕಾಕಾ

ಹಾಗಾದರೆ ಅದು ಟೌನ್ ಜಾಲರಿ. ಟೌನ್ ಅಂದರೆ ಊರಲ್ಲ, ಇಥಿಯಲ್ ಟೌನ್ ಅಂತ ಮನುಷ್ಯನ ಹೆಸರು. 1820ರಲ್ಲಿ ಪೇಟೆಂಟ್ ತೆಗೆದುಕೊಂಡ. ಆತನ ಜಾಣತನ ಏನು ಅಂದರೆ ದೊಡ್ಡ ತೊಲೆಯೇ ಬೇಡ. ಗರಗಸದ ಮಿಲ್ಲಿನಲ್ಲಿ ಸಿಗುವ ಸಾಧಾರಣ ಹಲಗೆ ಸಾಕು. ಬಿದಿರು ತಟ್ಟಿ ಹೆಣೆದ ಹಾಗೆ ಓರೆಯಾಗಿ ಜೋಡಿಸಿ, ಕೂಡಿದಲ್ಲೆಲ್ಲ ತೂತು ಕೊರೆದು, ಗಟ್ಟಿ ಮರದ ಗೂಟ ಹೊಡೆದರೆ ಮುಗಿಯಿತು. ಮನೆ, ಕೊಟ್ಟಿಗೆ ಕಟ್ಟುವ ಬಡಗಿಯೇ ಸೇತುವೆ ಕಟ್ಟಬಹುದಾಯಿತು. ಸೇತುವೆಯ ಉದ್ದದ ಒಂದೊಂದು ಅಡಿಗೆ ಒಂದು ಡಾಲರ್ ಟೌನ್‌ಗೆ ಕೊಡಬೇಕಿತ್ತು. ಕದ್ದು ಕಟ್ಟಿ ಸಿಕ್ಕಿಬಿದ್ದರೆ ಎರಡು ಡಾಲರ್.

ಸುಳ್ಯದ_ಸಂಕ

ಅಡಿಗೆ ಒಂದು ಡಾಲರ್, ಇದು ಲಾಯ್ಕ ವ್ಯಾಪಾರ. ನಮ್ಮಲ್ಲಿ ಅಡಿಕೆ ಮರ ಎರಡು ಹಾಕಿ ದಾಟುತ್ತಿದ್ದೆವು, ಯಾರಿಗೂ ಒಂದು ಪೈಸೆ ಕೊಡಲಿಲ್ಲ. ಪ್ರತಿ ಮಳೆಗಾಲದ ಮೊದಲು ಹೊಸತು. ಆಮೇಲೆ ನಮ್ಮ ಸುಳ್ಯದವರೇ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಹಾಕಿದರು. ಅಲ್ಲಿಂದ ನೂರಕ್ಕೂ ಜಾಸ್ತಿ ಕಟ್ಟಿ, 2017ರಲ್ಲಿ ಪದ್ಮಶ್ರೀ ಬಂತು. ಅವರ ಸೇತುವೆಗಳಲ್ಲೂ ಊರಿನ ಜನ ಮಣ್ಣು ಹೊತ್ತಿದ್ದಾರೆ, ಹಲಗೆ ಹೊತ್ತಿದ್ದಾರೆ. ವಿಷಯ ಬೇರೆ ಕಡೆ ಹೋಯಿತು, ಮುಂದುವರಿಸಿ.

ಬಾಸ್ಟನ್_ಬಿಸಿಬೇಳೆ

ಹಿಮದ ವಿಷಯದಲ್ಲಿ ಸೋತೆ. ಆದರೆ ಒಂದು ಸೇತುವೆ ನಾನೂ ನೋಡಿದ್ದೇನೆ. ಕಾರ್ನಿಶ್–ವಿಂಡ್ಸರ್. ನ್ಯೂ ಹ್ಯಾಂಪ್‌ಶೈರ್‌ನಿಂದ ವರ್ಮಾಂಟ್‌ಗೆ ಕನೆಕ್ಟಿಕಟ್ ನದಿಯನ್ನು ದಾಟಿಸುತ್ತದೆ. 1866ರದ್ದು, ಉದ್ದ ಸುಮಾರು 450 ಅಡಿ. ಅದೇ ಜಾಗದಲ್ಲಿ ಅದು ನಾಲ್ಕನೆಯ ಸೇತುವೆ. ಮೊದಲಿನ ಮೂರನ್ನೂ ನೆರೆ ತೆಗೆದುಕೊಂಡು ಹೋಗಿದೆ. 1943ರವರೆಗೆ ಸುಂಕ ಕೊಟ್ಟೇ ದಾಟಬೇಕಿತ್ತಂತೆ. ಬಾಗಿಲ ಮೇಲೆ ಬೋರ್ಡ್ ಇದೆ: ಕುದುರೆಯನ್ನು ನಡೆಸಿಕೊಂಡು ಹೋಗಿ, ಇಲ್ಲದಿದ್ದರೆ ಎರಡು ಡಾಲರ್ ದಂಡ. ನಮ್ಮ ಯಜಮಾನರು ಕಾರನ್ನೇ ಕುದುರೆ ಥರ ನಡೆಸಿದರು. ಹಿಂದಿನ ಕಾರಿನವರು ಹಾರ್ನ್ ಹೊಡೆದರು.

ಒಳಗೆ ಹೋದರೆ ಬೆಳಕು ಸೀಳು ಸೀಳಾಗಿ ಬೀಳುತ್ತದೆ, ಮರದ ವಾಸನೆ, ಕೆಳಗೆ ನೀರಿನ ಸದ್ದು. ನಾನು ಕಣ್ಣುಮುಚ್ಚಿ ವೋಟ್ ಹಾಕುತ್ತಿದ್ದೆ.

ಲೆಕ್ಕದ_ಪುಸ್ತಕ

ಕಣ್ಣುಮುಚ್ಚಿ ಹಾಕಿದರೆ ಕಂದಾಯ ಕಟ್ಟುವಾಗ ಕಣ್ಣು ಬಿಡುತ್ತದೆ. ನಾನು ಎದುರು ಪಕ್ಷ, ಬೇಜಾರು ಮಾಡಿಕೊಳ್ಳಬೇಡಿ.

ಬಾರ್ಟನ್ಸ್‌ವಿಲ್ ಸೇತುವೆ, ವರ್ಮಾಂಟ್‌ನದೇ, ಎಲ್ಲರಿಗೂ ಗೊತ್ತು. ನೆರೆಯಲ್ಲಿ ಹೋಗುವ ವಿಡಿಯೊ ಪ್ರಪಂಚವೆಲ್ಲ ನೋಡಿತು. ಆಮೇಲೆ ಹೊಸದಾಗಿ ಕಟ್ಟಿದರು. ಹೊಸ ಮರ, ಹೊಸ ಪಾಯ. ಅದನ್ನೂ "ಐತಿಹಾಸಿಕ" ಅಂದರೆ ನನ್ನ ಅಪಾರ್ಟ್‌ಮೆಂಟೂ ಐತಿಹಾಸಿಕವೇ. ಅದೇ ರಾಜ್ಯದ ಕ್ವೀಚಿ ಸೇತುವೆ ಇನ್ನೂ ಮಜಾ. ಅದನ್ನು ಮೊದಲು ಕಟ್ಟಿದ್ದೇ 1970ರಲ್ಲಿ, ಪ್ರವಾಸಿಗಳು ಫೋಟೊ ತೆಗೆಯುತ್ತಾರೆ ಅಂತ ಮರದ ವೇಷ ಹಾಕಿದ್ದಾರೆ ಅಷ್ಟೇ. ಹಳೆಯದು ಇದ್ದರೆ ಉಳಿಸಿ, ಸರಿ. ಹೋದ ಮೇಲೆ ನಕಲು ಯಾಕೆ? ಆ ದುಡ್ಡಿನಲ್ಲಿ ಗಟ್ಟಿ ಸೇತುವೆ ಕಟ್ಟಿ, ಬಸ್ಸು ಹೋಗಲಿ.

ವರ್ಮಾಂಟ್_ವಾಸಿ

ಬಾರ್ಟನ್ಸ್‌ವಿಲ್‌ಗೆ ಹೋದ ಶರತ್ಕಾಲದಲ್ಲಿ ಹೋಗಿದ್ದೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನ್ನ ತಲೆ ಕೆಡಿಸಿದ್ದು ಅದೇ.

ಅದು ರಾಕಿಂಗ್‌ಹ್ಯಾಮ್ ಎಂಬ ಊರಿಗೆ ಸೇರಿದ ಹಳ್ಳಿ. ವಿಲಿಯಮ್ಸ್ ಹೊಳೆ. 1869ರಲ್ಲಿ ದೊಡ್ಡ ನೆರೆ ಬಂದು ಹೊಳೆ ತನ್ನ ದಾರಿಯನ್ನೇ ಬದಲಿಸಿತು. ಹೊಸ ದಾರಿಗೆ ಸೇತುವೆ ಬೇಕಾಯಿತು. 1870ರಲ್ಲಿ ಸ್ಯಾನ್‌ಫರ್ಡ್ ಗ್ರೇಂಜರ್ ಎಂಬ ಅಲ್ಲಿಯ ಬಡಗಿ 151 ಅಡಿಯ ಜಾಲರಿ ಸೇತುವೆ ಕಟ್ಟಿದ. ಅಂದರೆ ಆ ಸೇತುವೆ ಹುಟ್ಟಿದ್ದೇ ನೆರೆಯಿಂದ. 1927ರ ನವೆಂಬರ್ ನೆರೆಯಲ್ಲಿ ಈ ರಾಜ್ಯದ ಸಾವಿರಕ್ಕೂ ಜಾಸ್ತಿ ಸೇತುವೆಗಳು ಕೊಚ್ಚಿಹೋದವು. ಇದು ಉಳಿಯಿತು. 2011ರ ಆಗಸ್ಟ್ 28ರಂದು ಐರೀನ್ ಚಂಡಮಾರುತದ ಮಳೆಗೆ ಹೋಯಿತು.

ವಿಡಿಯೊ ಸರಿಯಾಗಿ ನೋಡಿ. ಮರ ಮುರಿದದ್ದಲ್ಲ. ಒಂದು ದಡದ ಕಟ್ಟೆಯ ಹಿಂದೆ ನೀರು ಮಣ್ಣು ಕೊರೆಯಿತು. ಕಾಲ ಕೆಳಗಿನ ನೆಲ ಹೋದ ಮೇಲೆ ಸೇತುವೆ ಒಂದು ಕಡೆ ವಾಲಿ, ಮಾಡಿನ ಸಮೇತ ಮಲಗಿತು. ದಡದಲ್ಲಿ ನಿಂತವರ ದನಿ ಕೇಳಿಸುತ್ತದೆ.

ಅದೇ ಊರಿನವರು ಮತ್ತೆ ಅದೇ ಜಾಲರಿ ಕಟ್ಟಿಸಿದರು. ಈಗಿನದು ಸ್ವಲ್ಪ ಉದ್ದ, 168 ಅಡಿ. 2013ರ ಜನವರಿಯಲ್ಲಿ ತೆರೆದರು. ನೆರೆ ಬಂದು ಒಂದೂವರೆ ವರ್ಷವೂ ಆಗಿರಲಿಲ್ಲ. ನಾನು ಹೋದಾಗ ಹಲಗೆ ಇನ್ನೂ ಪೂರ್ತಿ ಕಪ್ಪಾಗಿರಲಿಲ್ಲ. ಅದರ ಮೇಲೆ ಹಾಲಿನ ಡೈರಿಯವರ ಪಿಕಪ್ ಹೋಯಿತು, ಅಂಚೆಯವರ ಗಾಡಿ ಹೋಯಿತು. ನಕಲು ಅಂತ ಅವರಿಗೆ ಯಾರೂ ಹೇಳಿದ ಹಾಗಿಲ್ಲ.

ಲೆಕ್ಕದ_ಪುಸ್ತಕ

ಬರವಣಿಗೆ ಚೆನ್ನಾಗಿದೆ, ಉತ್ತರ ಅಲ್ಲ. ನ್ಯೂಯಾರ್ಕ್ ರಾಜ್ಯದ ಬ್ಲೆನ್‌ಹೈಮ್ ಸೇತುವೆ ನೋಡಿ. ಅದೇ ದಿನ, ಅದೇ ಚಂಡಮಾರುತಕ್ಕೆ ಹೋಯಿತು. ಅದು ರಾಷ್ಟ್ರೀಯ ಹೆಗ್ಗುರುತು ಅಂತ 1964ರಲ್ಲಿ ಪಟ್ಟ ಪಡೆದಿತ್ತು. ಸೇತುವೆ ಹೋದ ಮೇಲೆ ಪಟ್ಟವನ್ನೂ ವಾಪಸ್ ತೆಗೆದುಕೊಂಡರು. ಸೇತುವೆ ಹೋಯಿತು ಅಂತ ಸರ್ಕಾರವೇ ಒಪ್ಪಿಕೊಂಡಿದೆ, ನೀವು ಇದೆ ಅನ್ನುತ್ತೀರಿ.

ಹುಬ್ಬಳ್ಳಿ_ಕಾಕಾ

ಬ್ಲೆನ್‌ಹೈಮ್ ಹೆಸರು ತೆಗೆದಿರಿ, ನಾನು ಸುಮ್ನೆ ಇರಲು ಆಗುವುದಿಲ್ಲ.

1855. ಕಟ್ಟಿದವನು ನಿಕೊಲಸ್ ಪವರ್ಸ್, ವರ್ಮಾಂಟ್‌ನವ. ಕಂಬವೇ ಇಲ್ಲದೆ 210 ಅಡಿ ದಾಟಿಸಿದ, ಅದೂ ಎರಡು ಗಾಡಿ ಪಕ್ಕಪಕ್ಕದಲ್ಲಿ ಹೋಗುವಷ್ಟು ಅಗಲ. ಮೂರು ಚೌಕಟ್ಟು, ನಡುವಿನದ್ದು ಮಾಡಿನ ತುದಿಯವರೆಗೆ ಎದ್ದಿತ್ತು. ಕಟ್ಟುವಾಗ ಊರಿನವರು "ಪವರ್ಸನ ಹುಚ್ಚು" ಅಂತ ನಗುತ್ತಿದ್ದರಂತೆ. ಆಸರೆ ತೆಗೆಯುವ ದಿನ ಅವನು ಸೇತುವೆಯ ನೆತ್ತಿ ಮೇಲೆ ಹೋಗಿ ಕೂತ, ಬಿದ್ದರೆ ನಾನೂ ಬೀಳುತ್ತೇನೆ ಎಂದ, ಅಂತ ಒಂದು ಕತೆ ಇದೆ. ಕತೆ ಎಷ್ಟು ನಿಜವೋ, ಸೇತುವೆಯಂತೂ 156 ವರ್ಷ ನಿಂತಿತು.

ನೀವು ಬಿಟ್ಟ ಭಾಗ ಇಲ್ಲಿದೆ. 1931ರಲ್ಲಿ ಪಕ್ಕದಲ್ಲೇ ಉಕ್ಕಿನ ಸೇತುವೆ ಬಂತು. ಹಳೆಯದನ್ನು ಕೆಡವುವುದು ರೂಢಿ. ಅಲ್ಲಿನ ಕೌಂಟಿಯವರು ಕೆಡವಲಿಲ್ಲ, ಜನ ನಡೆದಾಡಲಿ ಎಂದು ಇಟ್ಟುಕೊಂಡರು. ಆ ನಿರ್ಧಾರ ಆಗಿರದಿದ್ದರೆ 1964ರ ಪಟ್ಟಕ್ಕೆ ಸೇತುವೆಯೇ ಇರುತ್ತಿರಲಿಲ್ಲ. ನೆರೆಯ ನಂತರ ವಿಪತ್ತು ನಿಧಿಯವರು ಮೊದಲು ದುಡ್ಡು ಕೊಡುವುದಿಲ್ಲ ಎಂದರು. ಜನ ಬಿಡಲಿಲ್ಲ, ಮೇಲ್ಮನವಿ ಹಾಕಿದರು. ಕೊನೆಗೆ ದುಡ್ಡು ಬಂತು. ಹೊಸ ಸೇತುವೆಯನ್ನು ಮೊದಲಿಗಿಂತ ಎತ್ತರದ ಕಟ್ಟೆಯ ಮೇಲೆ ಕೂರಿಸಿದರು. 2018ರಲ್ಲಿ ಕೆಲಸ ಮುಗಿಯಿತು.

ಪಟ್ಟ ಹೋದದ್ದು ಸರಿಯೇ. ಅದು ಪವರ್ಸ್ ಕೈಯಿಂದ ಆದ ಮರಕ್ಕೆ ಕೊಟ್ಟ ಪಟ್ಟ. ಹೊಸದಕ್ಕೆ ಪಟ್ಟ ಬೇಕು ಅಂತ ನಾನೂ ಅನ್ನುವುದಿಲ್ಲ. ಆದರೆ ಏಳು ವರ್ಷ ಓಡಾಡಿ ಅದನ್ನು ಮತ್ತೆ ನಿಲ್ಲಿಸಿದವರಿಗೆ ನಕಲು ಮಾಡಿದಿರಿ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಶಾಂಘೈ_ಸಿರ್ಸಿ

ತಡವಾಗಿ ಬಂದೆ. ಚೀನಾದಲ್ಲೂ ಇದೇ ಜಗಳ ಆಗಿದೆ, ಅಲ್ಲಿ ಹೇಗೆ ಬಗೆಹರಿಯಿತು ನೋಡಿ.

ಝೆಜಿಯಾಂಗ್ ಪ್ರಾಂತದ ತೈಶುನ್ ಕೌಂಟಿಯಲ್ಲಿ ಹಳೇ ಮರದ ಕಮಾನು ಸೇತುವೆಗಳಿವೆ, ಮೇಲೆ ಹಂಚಿನ ಮಾಡು. 2016ರ ಸೆಪ್ಟೆಂಬರ್ 15ರಂದು ಮೆರಾಂತಿ ಚಂಡಮಾರುತ ಒಂದೇ ದಿನ ಮೂರು ಸೇತುವೆ ತೆಗೆದುಕೊಂಡು ಹೋಯಿತು. ಮೂರೂ ನೂರು ವರ್ಷಕ್ಕಿಂತ ಹಳೆಯವು. ನೆರೆ ಇಳಿದ ತಕ್ಷಣ ಊರಿನವರು ಹೊಳೆಯ ಕೆಳಗಿನ ದಡದಲ್ಲೆಲ್ಲ ಹುಡುಕಿದರು. ಕೆಸರಿನಿಂದ ತೊಲೆ ಎಳೆದರು, ಸೇತುವೆಯ ಮರ ಕಂಡರೆ ತಂದುಕೊಡಿ ಎಂದು ಕೆಳಗಿನ ಹಳ್ಳಿಗಳಿಗೆ ಸುದ್ದಿ ಕಳಿಸಿದರು. ದೊಡ್ಡ ತೊಲೆಗಳಲ್ಲಿ ಹೆಚ್ಚಿನವು ವಾಪಸ್ ಬಂದವು. ಬಡಗಿಗಳು ಯಾವುದು ಎಲ್ಲಿ ಕೂರುತ್ತಿತ್ತು ಎಂದು ಗುರುತು ಹಿಡಿದು, ಕೆಟ್ಟದ್ದಕ್ಕೆ ಮಾತ್ರ ಹೊಸ ಮರ ಸೇರಿಸಿ, ಮುಂದಿನ ವರ್ಷ ಮತ್ತೆ ನಿಲ್ಲಿಸಿದರು.

ಇನ್ನೊಂದು ವಿಷಯ. ಯುನೆಸ್ಕೊ 2009ರಲ್ಲಿ ಈ ಸೇತುವೆ ಕಟ್ಟುವ ವಿದ್ಯೆಯನ್ನೇ ಅಳಿವಿನಂಚಿನ ಪಟ್ಟಿಗೆ ಹಾಕಿತ್ತು. ಸೇತುವೆಯನ್ನಲ್ಲ, ಕೈಕೆಲಸವನ್ನು. 2024ರ ಡಿಸೆಂಬರ್‌ನಲ್ಲಿ ಅದನ್ನು ಆ ಪಟ್ಟಿಯಿಂದ ತೆಗೆದು ಮಾಮೂಲಿ ಪಟ್ಟಿಗೆ ಸೇರಿಸಿದರು. ಅಂದರೆ ಬಡಗಿಗಳು ಮತ್ತೆ ಸಿಗುತ್ತಿದ್ದಾರೆ.

ಸುಳ್ಯದ_ಸಂಕ

ಇದು ಕೇಳಿ ಹೊಟ್ಟೆ ತುಂಬಿತು. ನಮ್ಮ ಮನೆಯ ಹಂಚು ನಾಲ್ಕು ಸಲ ಬದಲಾಗಿದೆ, ಹಂಚಿನ ಕೆಳಗಿನ ಪಕಾಸು ಎರಡು ಸಲ. ಅಜ್ಜನ ಮನೆ ಅಲ್ಲ ಅಂತ ಯಾರೂ ಹೇಳಿಲ್ಲ. ಮರ ಕೂಡಿಸುವ ಆಚಾರಿ ಮಾತ್ರ ಈಗ ಸಿಗುವುದಿಲ್ಲ. ಅದು ಹೋದರೆ ಮನೆ ಹೋಯಿತು.

ಲೆಕ್ಕದ_ಪುಸ್ತಕ

ಸರಿ, ಕೈಕೆಲಸದ ಮಾತು ಒಪ್ಪುತ್ತೇನೆ. ಅರ್ಧ. ಆದರೆ ಅಪಾಯದ ಲೆಕ್ಕ ಯಾರೂ ಹೇಳಲಿಲ್ಲ. ಒಂದು ಬೆಂಕಿಕಡ್ಡಿ ಸಾಕು. ಅಯೋವಾದ ಮ್ಯಾಡಿಸನ್ ಕೌಂಟಿಯ ಸೀಡರ್ ಸೇತುವೆಗೆ 2002ರಲ್ಲಿ ಬೆಂಕಿ ಹಚ್ಚಿದರು. ಮತ್ತೆ ಕಟ್ಟಿದರು. 2017ರಲ್ಲಿ ಮತ್ತೆ ಹಚ್ಚಿದರು. ಮತ್ತೆ ಕಟ್ಟಿದರು. ಎಷ್ಟು ಸಲ?

ವರ್ಮಾಂಟ್_ವಾಸಿ

ಬೆಂಕಿಯ ಭಯ ನಿಜ, ಅದಕ್ಕೆ ನನ್ನ ಬಳಿ ಉತ್ತರ ಇಲ್ಲ. ಇಲ್ಲಿ ದಿನದಿನದ ತಲೆನೋವು ಅಂದರೆ ಟ್ರಕ್ಕು. ಉತ್ತರದಲ್ಲಿ ಲಿಂಡನ್ ಅಂತ ಊರಿದೆ. ಅಲ್ಲಿನ ಮಿಲ್ಲರ್ಸ್ ರನ್ ಸೇತುವೆಗೆ ಬಾಡಿಗೆ ಡಬ್ಬಾ ಟ್ರಕ್ಕುಗಳು ಜಿಪಿಎಸ್ ನಂಬಿಕೊಂಡು ಬಂದು ನೆತ್ತಿ ಹೊಡೆಯುತ್ತಲೇ ಇರುತ್ತವೆ. ಎತ್ತರ ಇಷ್ಟೇ ಅಂತ ದೊಡ್ಡದಾಗಿ ಬರೆದಿದೆ, ಯಾರೂ ಓದುವುದಿಲ್ಲ. ಅದೇ ರಾಕಿಂಗ್‌ಹ್ಯಾಮ್‌ನಲ್ಲಿ ಹಾಲ್ ಸೇತುವೆ ಅಂತ ಇನ್ನೊಂದಿದೆ. 1980ರಲ್ಲಿ ಭಾರ ಮೀರಿದ ಟ್ರಕ್ಕೊಂದು ಹೋಗಿ, ಸೇತುವೆಯೇ ಕುಸಿಯಿತು. 1982ರಲ್ಲಿ ಮಿಲ್ಟನ್ ಗ್ರೇಟನ್ ಮತ್ತು ಮಕ್ಕಳು ಹಳೇ ಕ್ರಮದಲ್ಲೇ ಮತ್ತೆ ಕಟ್ಟಿದರು.

ಈ ಗ್ರೇಟನ್ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. 1969ರಲ್ಲಿ ನಮ್ಮ ರಾಜ್ಯದ ವುಡ್‌ಸ್ಟಾಕ್‌ನಲ್ಲಿ ಹೊಸ ಜಾಲರಿ ಸೇತುವೆ ಕಟ್ಟಿ, ಹೊಳೆಗೆ ಅಡ್ಡ ಎಳೆದು ಕೂರಿಸಿದ್ದು ಎತ್ತು ಕಟ್ಟಿ. ಅದೇ ವರ್ಷ ಮನುಷ್ಯ ಚಂದ್ರನ ಮೇಲೆ ಇಳಿದಿದ್ದ. ಕ್ರೇನ್ ಇರಲಿಲ್ಲ ಅಂತಲ್ಲ. ಎತ್ತು ಜಗ್ಗದೆ ನಿಧಾನಕ್ಕೆ ಎಳೆಯುತ್ತದೆ, ಮರಕ್ಕೆ ಅದೇ ಒಳ್ಳೆಯದು.

ಬಾಸ್ಟನ್_ಬಿಸಿಬೇಳೆ

ನಮ್ಮ ತಾತ ಕೇಳಿದ್ದರೆ ಎತ್ತು ಯಾವ ತಳಿ ಅಂತ ವಿಚಾರಿಸುತ್ತಿದ್ದರು.

ಹುಬ್ಬಳ್ಳಿ_ಕಾಕಾ

ಸಭೆಗೆ ಹೋಗುವ ಮೊದಲು ಒಂದು ಕೆಲಸ ಮಾಡಿ ವಾಸಿಯವರೇ. ಟಾರ್ಚ್ ತೆಗೆದುಕೊಂಡು ಸೇತುವೆಯ ಕುಸಿದ ತುದಿಗೆ ಹೋಗಿ. ಚೌಕಟ್ಟಿನ ಕೆಳಗಿನ ಉದ್ದ ತೊಲೆ ದಡದ ಕಟ್ಟೆಯ ಮೇಲೆ ಕೂರುವ ಜಾಗ ನೋಡಿ. ಅಲ್ಲಿ ಮಣ್ಣು, ಒಣಗಿದ ಎಲೆ, ಹಕ್ಕಿಯ ಹಿಕ್ಕೆ ಗುಡ್ಡೆ ಆಗಿರುತ್ತದೆ. ಚಕ್ರದ ಜೊತೆ ಬಂದ ಮಣ್ಣು ಸಂದಿಯಿಂದ ಇಳಿದು ಅಲ್ಲೇ ಕೂರುತ್ತದೆ. ಮಾಡು ಎಷ್ಟೇ ಚೆನ್ನಾಗಿದ್ದರೂ ಈ ಗುಡ್ಡೆ ಸ್ಪಂಜಿನ ಥರ ಒದ್ದೆ ಹಿಡಿದಿಡುತ್ತದೆ. ಸ್ಕ್ರೂಡ್ರೈವರ್ ಚುಚ್ಚಿ. ಬೆಣ್ಣೆಯಂತೆ ಹೋದರೆ ಆ ತುದಿ ಕುಂಬಾಗಿದೆ. ಅದನ್ನು ಕತ್ತರಿಸಿ ಹೊಸ ಮರ ಕೂಡಿಸಬಹುದು, ಇಡೀ ಸೇತುವೆ ಬದಲಿಸಬೇಕಾಗಿಲ್ಲ.

ಕಾಂಕ್ರೀಟಿನದ್ದಕ್ಕೂ ನಿರ್ವಹಣೆ ಬೇಕು, ಅದು ಯಾರೂ ಹೇಳುವುದಿಲ್ಲ. ನಾನು ಕಟ್ಟಿಸಿದ ಒಂದಕ್ಕೆ ಮೂವತ್ತೇ ವರ್ಷಕ್ಕೆ ಸರಳು ಹೊರಗೆ ಬಂದಿತ್ತು. ನೀರು ಹೋಗುವ ತೂತು ಕಟ್ಟಿಕೊಂಡಿತ್ತು, ವರ್ಷಕ್ಕೊಮ್ಮೆ ಕಡ್ಡಿ ಹಾಕುವವರು ಇರಲಿಲ್ಲ. ಆದ್ದರಿಂದ ಸಭೆಯಲ್ಲಿ ರಿಪೇರಿಗೆ ಎಷ್ಟು ಅಂತ ಮಾತ್ರ ಕೇಳಬೇಡಿ. ಆಮೇಲೆ ವರ್ಷ ವರ್ಷ ಗುಡಿಸುವವರು ಯಾರು ಅಂತ ಕೇಳಿ.

ಲೆಕ್ಕದ_ಪುಸ್ತಕ

ಇದು ಮೊದಲೇ ಹೇಳಿದ್ದರೆ ಇಷ್ಟು ಜಗಳ ಇರುತ್ತಿರಲಿಲ್ಲ ಕಾಕಾ. ಗುಡಿಸುವವರ ಹೆಸರು ಇದ್ದರೆ ನನ್ನದೂ ಹೌದು. ಇಲ್ಲದಿದ್ದರೆ ಕಾಂಕ್ರೀಟ್.

ವರ್ಮಾಂಟ್_ವಾಸಿ

ಮಾರ್ಚ್ ಬಂತು, ಹೋಯಿತು. ಸುದ್ದಿ ಕೊಡುತ್ತೇನೆ.

ಸಭೆಗೆ ಮೊದಲಿನ ಭಾನುವಾರ ಟಾರ್ಚ್ ಹಿಡಿದು ಹೋದೆ. ಕಾಕಾ ಹೇಳಿದ ಜಾಗದಲ್ಲಿ ಹೇಳಿದ್ದೇ ಇತ್ತು, ಮೊಣಕೈವರೆಗೆ. ಸ್ಕ್ರೂಡ್ರೈವರ್ ಹಿಡಿಯ ತನಕ ಒಳಗೆ ಹೋಯಿತು. ಒಂದೂವರೆ ಗೇಣು ಆಚೆ ಚುಚ್ಚಿದರೆ ಮೊನೆಯೂ ಇಳಿಯಲಿಲ್ಲ.

ಸಭೆಯಲ್ಲಿ ಸೇತುವೆಯ ಬಾಬ್ತು ಬಂದಾಗ ಮುಕ್ಕಾಲು ಗಂಟೆ ಚರ್ಚೆ. ಹಿಮ ತೆಗೆಯುವ ಹೊಸ ಟ್ರಕ್ಕಿಗೆ ಐದು ನಿಮಿಷವೂ ಆಗಿರಲಿಲ್ಲ. ನಾನೂ ಎದ್ದು ನಿಂತೆ. ಕೈ ನಡುಗುತ್ತಿತ್ತು. ಗುಡಿಸುವವರು ಯಾರು ಎಂದು ಕೇಳಿದೆ. ಹಾಲ್ ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ರಸ್ತೆ ಕೆಲಸದವರು, ಹಿಂದೆ ಒಬ್ಬರು ಗುಡಿಸುತ್ತಿದ್ದರು, ಅವರು ತೀರಿಕೊಂಡು ಎಷ್ಟೋ ವರ್ಷ ಆಯಿತು ಎಂದರು. ಎದುರು ಮನೆಯ ಅಜ್ಜಿ ಅಲ್ಲಿಂದಲೇ ಹೇಳಿದರು, "ಅದು ನನ್ನ ಗಂಡ."

ಬಾಬ್ತು ಪಾಸಾಯಿತು. ಪಕ್ಕದ ಮನೆಯವರು ಬೇಡ ಅಂತಲೇ ಕೂಗಿದರು. ಆಮೇಲೆ ಕಾಫಿ ಹೊತ್ತಿಗೆ ಬಂದು, ನಿನ್ನ ಬಳಿ ಸಲಿಕೆ ಇದೆಯಾ ಎಂದು ಕೇಳಿದರು. ಹಿಮ ಕರಗಿದ ಮೇಲಿನ ಮೊದಲ ಶನಿವಾರ ಗುಡಿಸುವ ಕೆಲಸ. ಪಟ್ಟಿಯಲ್ಲಿ ಮೊದಲ ಹೆಸರು ನನ್ನದು, ನಾನೇ ಕೇಳಿದ್ದು ತಪ್ಪಾಯಿತು ನೋಡಿ.

ಕಾಕಾ, ಪಾರಿವಾಳದ ಹಿಕ್ಕೆಗೆ ಮಾಸ್ಕ್ ಬೇಕಾ?

ಹುಬ್ಬಳ್ಳಿ_ಕಾಕಾ

ಬೇಕೇ ಬೇಕು. ಕೈಗವಸೂ ಹಾಕಿಕೊಳ್ಳಿ. ಮೊದಲು ಸ್ವಲ್ಪ ನೀರು ಚಿಮುಕಿಸಿ, ಧೂಳು ಏಳಬಾರದು. ಪೈಪು ಹಿಡಿದು ತೊಳೆಯಲು ಮಾತ್ರ ಹೋಗಬೇಡಿ.